ಐದನೇ ಕಾಲಿನ ಹಲ್ಲು ಎಣಿಸೋ ಕೆಲಸ

ಅಕ್ಕಿಕಾಳಿನಷ್ಟೂ ಇಲ್ಲದ ಜೀವಿ. ಅದರ ಐದನೇ ಜೊತೆ ಕಾಲನ್ನು ಸೂಜಿಯಿಂದ ಬಿಡಿಸಿ, ಮೈಕ್ರೋಸ್ಕೋಪ್ ಕೆಳಗಿಟ್ಟು, ಒಳಅಂಚಿನ ಹಲ್ಲುಸಾಲು ನೆಟ್ಟಗಿದೆಯಾ, ಬಾಗಿದೆಯಾ ಅಂತ ನೋಡೋರಿದ್ದಾರೆ. ಇದೂ ಒಂದು ಕೆಲಸವಾ ಅಂತ ನಗಬೇಡಿ. ಬ್ರಿಟನ್ ಮತ್ತು ನಾರ್ವೆ ನಡುವಿನ ಉತ್ತರ ಸಮುದ್ರದಲ್ಲಿ ಕಾಡ್ ಮೀನು ಯಾಕೆ ಕಮ್ಮಿಯಾಯ್ತು ಅನ್ನೋ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿದ್ದು ಈ ಹಲ್ಲುಗಳಿಂದ.

ಈ ಜೀವಿಯ ಕುಲದ ಹೆಸರು ಕ್ಯಾಲನಸ್. ಸಿಗಡಿ, ಏಡಿಗಳ ದೂರದ ನೆಂಟ. ಇದು ಸೇರುವ ದೊಡ್ಡ ಗುಂಪು ಕೋಪೆಪಾಡ್. ಗ್ರೀಕ್ ಮೂಲದ ಈ ಪದಕ್ಕೆ ಹುಟ್ಟಿನಂಥ ಕಾಲಿನವು ಎಂಬ ಅರ್ಥ. ಹೆಸರಿಗೆ ತಕ್ಕ ಹಾಗೆ, ದೋಣಿಗೆ ಹುಟ್ಟು ಹಾಕಿದಂತೆ ಕಾಲು ಬೀಸಿ ಜಿಗಿಯುತ್ತದೆ.

ಮೈ ನೋಡಿದರೆ ಮುಂಭಾಗ ದಪ್ಪ, ಹಿಂಭಾಗ ಸಣಕಲು. ತಲೆಯಿಂದ ಎರಡು ಮೀಸೆ ಹೊರಡುತ್ತವೆ. ಒಂದೊಂದೂ ಹೆಚ್ಚುಕಮ್ಮಿ ಮೈಯಷ್ಟೇ ಉದ್ದ. ಕಬ್ಬಿನ ಹಾಗೆ ಗಣ್ಣುಗಣ್ಣು, ಅದರ ಮೇಲೆಲ್ಲ ಸೂಕ್ಷ್ಮ ಕೂದಲು. ಶತ್ರು ಹತ್ತಿರ ಬಂದರೆ ನೀರಿನ ಅಲುಗಾಟ ಮೊದಲು ತಿಳಿಯೋದು ಈ ಮೀಸೆಗೇ. ಕಣ್ಣು ಒಂದೇ, ಹಣೆಯ ನಡುವೆ ಒಂದು ಚುಕ್ಕೆ. ಬೆಳಕೋ ಕತ್ತಲೋ ಅಷ್ಟೇ ಗೊತ್ತಾಗುತ್ತೆ. ಕಿವಿರು ಇಲ್ಲ, ಉಸಿರಾಟ ಮೈಮೇಲಿಂದಲೇ.

ನಿಜವಾದ ಆಸ್ತಿ ಇರೋದು ಒಳಗೆ. ಗಾಜಿನಂಥ ಮೈಯೊಳಗೆ ಉದ್ದನೆಯ ಎಣ್ಣೆಚೀಲ ಎದ್ದು ಕಾಣುತ್ತದೆ. ವಸಂತದಲ್ಲಿ ಪಾಚಿ ತಿಂದು ಚೀಲ ತುಂಬಿಸಿಕೊಂಡು, ಚಳಿಗಾಲಕ್ಕೆ ನೂರಾರು ಮೀಟರ್ ಆಳಕ್ಕೆ ಇಳಿದು, ತಿಂಗಳುಗಟ್ಟಲೆ ಊಟವಿಲ್ಲದೆ ನಿದ್ದೆ. ಪಾಚಿಯ ಸಾರವನ್ನು ಕೊಬ್ಬಾಗಿಸಿ ಮೀನು, ಹಕ್ಕಿ, ತಿಮಿಂಗಿಲಗಳಿಗೆ ತಲುಪಿಸೋ ಡೆಲಿವರಿ ಇದರದ್ದೇ.

1770ರಲ್ಲಿ ನಾರ್ವೆಯ ಬಿಷಪ್ ಗುನ್ನೆರುಸ್ ಈ ಕುಲದ ಒಂದು ಪ್ರಭೇದವನ್ನು ವಿವರಿಸಿದರು. ನಾರ್ವೆಯ ಉತ್ತರ ತುದಿಯ ಫಿನ್‌ಮಾರ್ಕ್ ಪ್ರದೇಶದಿಂದ ಅದಕ್ಕೆ ಫಿನ್‌ಮಾರ್ಕಿಕಸ್ ಎಂದು ಹೆಸರು. ಮುಂದೆ ಹೆಲ್ಗೋಲ್ಯಾಂಡ್ ದ್ವೀಪದ ಹೆಸರು ಹೊತ್ತ ಹೆಲ್ಗೋಲ್ಯಾಂಡಿಕಸ್ ಬಂತು. ನೋಡೋಕೆ ಎರಡೂ ಅವಳಿ. ಬಹುಕಾಲ ಇವನ್ನು ಒಂದೇ ಅಂತ ಲೆಕ್ಕ ಹಾಕಿದವರೂ ಇದ್ದರು. ಬಿಡಿಸಿದ್ದು ಐದನೇ ಕಾಲು: ಫಿನ್‌ಮಾರ್ಕಿಕಸ್‌ನಲ್ಲಿ ಹಲ್ಲಿನ ಅಂಚು ಹೆಚ್ಚುಕಡಿಮೆ ನೇರ, ಹೆಲ್ಗೋಲ್ಯಾಂಡಿಕಸ್‌ನಲ್ಲಿ ಒಳಕ್ಕೆ ಬಾಗಿದ್ದು.

ಆದರೆ ಸ್ವಭಾವ ಬೇರೆ ಬೇರೆ. ಫಿನ್‌ಮಾರ್ಕಿಕಸ್‌ಗೆ ತಣ್ಣೀರು ಬೇಕು, ಉತ್ತರ ಸಮುದ್ರದಲ್ಲಿ ಅದರ ಸುಗ್ಗಿ ವಸಂತದಲ್ಲಿ. ಹೆಲ್ಗೋಲ್ಯಾಂಡಿಕಸ್‌ಗೆ ಬಿಸಿ ಒಗ್ಗುತ್ತೆ, ಅದು ಹೆಚ್ಚೋದು ಬೇಸಿಗೆ ಮುಗಿಯೋ ಹೊತ್ತಿಗೆ. ಕಾಡ್ ಮೀನಿನ ಮರಿಗಳು ಬಾಯಿ ತೆರೆಯೋದು ವಸಂತದಲ್ಲಿ! 1960ರ ದಶಕದ ನಂತರ ಸಮುದ್ರ ಬಿಸಿಯಾಗುತ್ತಾ ಹೋದಂತೆ ಮೊದಲನೆಯದು ಇಳಿಯಿತು, ಎರಡನೆಯದು ಏರಿತು. ಊಟ ಬರೋ ಹೊತ್ತಿಗೆ ಮರಿಗಳ ಹಸಿವಿನ ಕಾಲ ದಾಟಿರುತ್ತಿತ್ತು. ಮಿತಿಮೀರಿದ ಮೀನುಗಾರಿಕೆ ಉಳಿದ ಅರ್ಧ ಕಾರಣ, ಅದನ್ನು ಮರೆಯೋ ಹಾಗಿಲ್ಲ.

ಇದೆಲ್ಲ ತಿಳಿದದ್ದು 1931ರಿಂದ ನಡೆಯುತ್ತಿರುವ ಒಂದು ಸರ್ವೆಯಿಂದ. ಮಾಮೂಲಿ ಸರಕು ಹಡಗುಗಳ ಹಿಂದೆ ಒಂದು ಪೆಟ್ಟಿಗೆ ಕಟ್ಟಿ ಎಳೆಯುತ್ತಾರೆ. ಒಳಗೆ ನಿಧಾನಕ್ಕೆ ಸುತ್ತಿಕೊಳ್ಳೋ ರೇಷ್ಮೆ ಬಟ್ಟೆಗೆ ಈ ಜೀವಿಗಳು ಅಂಟಿಕೊಳ್ಳುತ್ತವೆ. ಎರಡೂ ಪ್ರಭೇದಗಳನ್ನು ಕೂಡಿಸಿಯೇ ಎಣಿಸಿದ್ದರೆ ಈ ಅದಲುಬದಲು ಕಣ್ಣಿಗೇ ಬೀಳುತ್ತಿರಲಿಲ್ಲ.

ಹಾಗಂತ ಕಾಲೊಂದೇ ಎಲ್ಲ ಕಡೆ ಸಾಲದು. ಆರ್ಕ್ಟಿಕ್‌ನಲ್ಲಿ ಗ್ಲೇಸಿಯಾಲಿಸ್ ಅಂತ ಮತ್ತೊಬ್ಬ ದಾಯಾದಿ ಇದೆ, ಕೊಬ್ಬು ಹಲವು ಪಟ್ಟು ಜಾಸ್ತಿ. ಸ್ವಾಲ್ಬಾರ್ಡ್‌ನ ಲಿಟಲ್ ಆಕ್ ಹಕ್ಕಿಗಳು ಮರಿಗೆ ಇದನ್ನೇ ಆರಿಸಿ ತರುತ್ತವೆ. ದೊಡ್ಡದಿದ್ದರೆ ಗ್ಲೇಸಿಯಾಲಿಸ್, ಸಣ್ಣದಿದ್ದರೆ ಫಿನ್‌ಮಾರ್ಕಿಕಸ್ ಅಂತ ಅಳತೆ ಮೇಲೆ ಹೇಳುತ್ತಿದ್ದರು. ಡಿಎನ್‌ಎ ಪರೀಕ್ಷೆ ಬಂದಾಗ ಎರಡರ ಅಳತೆ ಒಂದರ ಮೇಲೊಂದು ಬೀಳುವುದು ಕಂಡಿತು. ಆರ್ಕ್ಟಿಕ್‌ನದು ಎಂದುಕೊಂಡಿದ್ದ ಗ್ಲೇಸಿಯಾಲಿಸ್ ನಾರ್ವೆಯ ದಕ್ಷಿಣದ ಫ್ಯೋರ್ಡ್‌ಗಳಲ್ಲೂ ಸಿಕ್ಕಿತು.

ಹಳೆಯ ಲೆಕ್ಕ ಸರಿಪಡಿಸೋಣ ಅಂದರೆ, ಹಿಂದಿನವರು ಸ್ಯಾಂಪಲ್‌ಗಳನ್ನು ಹಾಕಿಟ್ಟಿರೋದು ಫಾರ್ಮಾಲಿನ್‌ನಲ್ಲಿ. ಅದು ಮೈಯನ್ನು ಕಾಪಾಡುತ್ತೆ, ಡಿಎನ್‌ಎಯನ್ನು ಕೆಡಿಸುತ್ತೆ.