ಮಧ್ಯಾಹ್ನಕ್ಕೇ ಫೋನ್ ಚಾರ್ಜ್ ಖಾಲಿನಾ? ಬ್ಯಾಟರಿ ಬದಲಿಸೋ ಮುಂಚೆ ಮೂರು ರಾತ್ರಿ ಪರೀಕ್ಷೆ ಮಾಡಿ ನೋಡಿ

ಶಿವಮೊಗ್ಗ: ಬೆಳಗ್ಗೆ ಮನೆ ಬಿಡುವಾಗ ಫುಲ್ ಚಾರ್ಜ್. ಮಧ್ಯಾಹ್ನ ಊಟದ ಹೊತ್ತಿಗೆ ನೋಡಿದ್ರೆ 30 ಪರ್ಸೆಂಟ್. ಸಂಜೆ ಅಂಗಡಿಯಲ್ಲಿ ಸ್ಕ್ಯಾನ್ ಮಾಡಿ ದುಡ್ಡು ಕೊಡೋಣ ಅಂತ ಜೇಬಿಗೆ ಕೈ ಹಾಕಿದ್ರೆ ಫೋನ್ ಸ್ವಿಚ್ ಆಫ್. ಹೊಸನಗರ, ಸಾಗರ, ತೀರ್ಥಹಳ್ಳಿ ಕಡೆ ಇದು ಮನೆಮನೆಯ ದೂರು. ರಿಪೇರಿಗೆ ಒಯ್ದರೆ ಸಾಮಾನ್ಯವಾಗಿ ಸಿಗೋ ಉತ್ತರ ಒಂದೇ, ಬ್ಯಾಟರಿ ಹೋಗಿದೆ, ಹೊಸದು ಹಾಕಿಸಿ. ಹಾಕಿಸಿದವರಲ್ಲಿ ಕೆಲವರಿಗೆ ಸರಿಹೋಗುತ್ತೆ. ಇನ್ನು ಕೆಲವರಿಗೆ ವಾರ ಕಳೆಯೋದ್ರೊಳಗೆ ಮತ್ತದೇ ಕತೆ.

ಯಾಕಂದ್ರೆ ಇಲ್ಲಿ ಇರೋದು ಎರಡು ಬೇರೆ ಬೇರೆ ಕಾಯಿಲೆ. ಬ್ಯಾಟರಿಯೇ ಸವೆದು ಹೋಗಿರೋದು ಒಂದು. ಬ್ಯಾಟರಿ ಗಟ್ಟಿಯಾಗಿದ್ದರೂ ಇನ್ನೇನೋ ಅದನ್ನ ಕುಡಿದು ಖಾಲಿ ಮಾಡ್ತಿರೋದು ಇನ್ನೊಂದು. ಬೈಕಿಗೆ ಹೋಲಿಸಿದ್ರೆ, ಮೊದಲನೆಯದು ಟ್ಯಾಂಕೇ ಸಣ್ಣದಾದ ಹಾಗೆ, ಎರಡನೆಯದು ಪೆಟ್ರೋಲ್ ಪೈಪ್ ಸೋರಿದ ಹಾಗೆ. ಸೋರೋ ಪೈಪಿಗೆ ಹೊಸ ಟ್ಯಾಂಕ್ ಹಾಕಿಸಿದ್ರೆ ದುಡ್ಡು ದಂಡ. ಮಲೆನಾಡಲ್ಲಿ ಈ ಸೋರಿಕೆಗೆ ಮುಖ್ಯ ಕಾರಣ ಬಹಳ ಸಲ ಫೋನಿನ ಒಳಗೆ ಇರೋದೇ ಇಲ್ಲ.

ಟವರ್ ಹುಡುಕೋದೇ ದೊಡ್ಡ ಖರ್ಚು

ಫೋನ್ ಅಂದ್ರೆ ಒಂದು ಸಣ್ಣ ರೇಡಿಯೊ. ಟವರ್ ಹತ್ತಿರ ಇದ್ರೆ ಮೆಲ್ಲಗೆ ಮಾತಾಡಿದ್ರೂ ಸಾಕು. ಗುಡ್ಡದ ಆಚೆಗಿದ್ರೆ ಕಿರುಚಬೇಕು. ಎಷ್ಟು ಜೋರಾಗಿ ಕಿರುಚಬೇಕು ಅಂತ ಟವರೇ ಫೋನಿಗೆ ಹೇಳ್ತಾ ಇರುತ್ತೆ, ಫೋನ್ ಅಷ್ಟು ಕರೆಂಟ್ ಸುರೀತಾ ಇರುತ್ತೆ. ಸಿಗ್ನಲ್ ಪೂರ್ತಿ ತಪ್ಪಿಹೋದ್ರೆ ಇನ್ನೂ ಕಷ್ಟ. ಆಗ ಒಂದೊಂದೇ ಬ್ಯಾಂಡ್‌ನಲ್ಲಿ ಯಾರಾದ್ರೂ ಸಿಗ್ತಾರಾ ಅಂತ ಮತ್ತೆ ಮತ್ತೆ ಹುಡುಕ್ತಾ ಇರುತ್ತೆ. ಎರಡು ಸಿಮ್ ಇದ್ರೆ ಎರಡು ಹುಡುಕಾಟ. ಜೇಬಲ್ಲಿ ಸುಮ್ಮನೆ ಇಟ್ಟ ಫೋನ್ ಬೆಚ್ಚಗಾಗಿದ್ರೆ ಅನುಮಾನ ಪಡಬೇಕಾದ್ದು ಮೊದಲು ಇದನ್ನೇ.

ಹುಲಿಕಲ್ ಘಾಟಿ, ನಗರ, ಕೊಡಚಾದ್ರಿಯ ಬುಡ, ಶರಾವತಿ ಹಿನ್ನೀರಿನ ಆಚೆಯ ತುಮರಿ ಕಡೆಯವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಮಳೆಗಾಲದಲ್ಲಂತೂ ಎರಡು ಏಟು. ಮರ ಬಿದ್ದು ಕರೆಂಟು ಹೋಗುತ್ತೆ. ಸ್ವಲ್ಪ ಹೊತ್ತು ಟವರ್ ತನ್ನ ಬ್ಯಾಟರಿ, ಡೀಸೆಲ್ ಮೇಲೆ ಓಡುತ್ತೆ. ಅದೂ ಮುಗಿದ ಮೇಲೆ ಊರಿನ ಫೋನುಗಳೆಲ್ಲ ಒಟ್ಟಿಗೆ ದೂರದ ಇನ್ಯಾವುದೋ ಟವರ್‌ಗೆ ಕಿರುಚೋಕೆ ಶುರು ಮಾಡ್ತವೆ. ಚಾರ್ಜ್ ಇಳಿಯೋದು ಆವತ್ತೇ ಜಾಸ್ತಿ, ಚಾರ್ಜಿಗೆ ಹಾಕೋಕೆ ಕರೆಂಟ್ ಇಲ್ಲದಿರೋದೂ ಆವತ್ತೇ. ರಾತ್ರಿ ಹೊತ್ತು ಆಂಬುಲೆನ್ಸಿಗೆ ಫೋನ್ ಮಾಡೋ ಪರಿಸ್ಥಿತಿ ಬಂದ್ರೆ 5 ಪರ್ಸೆಂಟ್ ಚಾರ್ಜಿಗೂ ಬೆಲೆ ಇರುತ್ತೆ.

ಸಿಗ್ನಲ್ ಕಡ್ಡಿ ನೋಡಿ ನಂಬಬೇಡಿ. ಯಾವ ಮಟ್ಟಕ್ಕೆ ಎಷ್ಟು ಕಡ್ಡಿ ಅನ್ನೋದು ಒಂದೊಂದು ಕಂಪನಿಯದ್ದು ಒಂದೊಂದು ಲೆಕ್ಕ. ಆಂಡ್ರಾಯ್ಡ್ ಫೋನಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ‘ಅಬೌಟ್ ಫೋನ್’ ತೆಗೆದ್ರೆ ಒಳಗೆ ‘ಸಿಮ್ ಸ್ಟೇಟಸ್’ ಅಂತ ಇರುತ್ತೆ (ಕೆಲವದ್ರಲ್ಲಿ ಬರೀ ‘ಸ್ಟೇಟಸ್’). ಅಲ್ಲಿ ಸಿಗ್ನಲ್ ಸ್ಟ್ರೆಂತ್ ಮೈನಸ್ ಅಂಕಿಯಲ್ಲಿ ಕಾಣುತ್ತೆ, ಪಕ್ಕದಲ್ಲಿ ಡಿಬಿಎಂ ಅಂತ ಬರೆದಿರುತ್ತೆ. 4ಜಿಯಲ್ಲಿ ಮೈನಸ್ 90ರ ಆಸುಪಾಸು ಇದ್ರೆ ಚೆನ್ನಾಗಿದೆ. ಮೈನಸ್ 110 ದಾಟಿ 115, 120 ತೋರಿಸಿದ್ರೆ ಫೋನ್ ಒದ್ದಾಡ್ತಿದೆ ಅಂತರ್ಥ. ನಡುಮನೆಯಲ್ಲಿ ಒಮ್ಮೆ, ಕಿಟಕಿ ಹತ್ತಿರ ಒಮ್ಮೆ ನೋಡಿ. ಬರೀ 10 ಅಂಕಿ ವ್ಯತ್ಯಾಸ ಬಂದ್ರೂ ಅದು ಸಿಗ್ನಲ್ ಶಕ್ತಿಯಲ್ಲಿ ಹತ್ತು ಪಟ್ಟು ವ್ಯತ್ಯಾಸ. ಫೋನ್ ಇಡೋ ಜಾಗ ಬದಲಾಯಿಸೋದಕ್ಕೆ ಖರ್ಚೇನೂ ಇಲ್ಲ.

ಊರಲ್ಲಿ ಒಂದು ಕಂಪನಿಯ ಟವರ್ ಮಾತ್ರ ಸಿಗುತ್ತೆ ಅಂದ್ರೆ ಇನ್ನೊಂದು ಸಿಮ್ಮನ್ನ ಸೆಟ್ಟಿಂಗ್ಸ್‌ನಲ್ಲೇ ಆಫ್ ಮಾಡಿ, ಪೇಟೆಗೆ ಹೋದಾಗ ಆನ್ ಮಾಡಿಕೊಂಡ್ರಾಯ್ತು. 5ಜಿ ಬಂದು ಬಂದು ಹೋಗೋ ಜಾಗದಲ್ಲಿ ನೆಟ್‌ವರ್ಕ್ ಟೈಪ್ 4ಜಿಗೆ ಇಳಿಸಿ. ಟವರೇ ಇಲ್ಲದ ತೋಟ, ಗದ್ದೆಗೆ ಹೋಗುವಾಗ ಫ್ಲೈಟ್ ಮೋಡ್ ಹಾಕಿ. ಕಾಲ್ ಮಿಸ್ ಆಗುತ್ತೆ ಅನ್ನೋ ಭಯ ಬೇಡ, ಟವರ್ ಇಲ್ಲದ ಕಡೆ ಹೇಗೂ ಕಾಲ್ ಬರಲ್ಲ.

ಮನೆಗೆ ಬ್ರಾಡ್‌ಬ್ಯಾಂಡ್ ಬಂದಿದ್ರೆ ಇನ್ನೂ ಒಳ್ಳೆ ದಾರಿ ಇದೆ. ಏರ್‌ಟೆಲ್, ಜಿಯೊ ಎರಡರಲ್ಲೂ ವೈಫೈ ಕಾಲಿಂಗ್ ಇದೆ. ಸಿಮ್ ಸೆಟ್ಟಿಂಗ್ಸ್‌ನಲ್ಲಿ ಅದನ್ನ ಆನ್ ಮಾಡಿ, ಫ್ಲೈಟ್ ಮೋಡ್ ಹಾಕಿ, ಆಮೇಲೆ ವೈಫೈ ಮಾತ್ರ ಆನ್ ಮಾಡಿ. ಈ ಸೌಲಭ್ಯ ಇರೋ ಬಹುತೇಕ ಫೋನುಗಳಲ್ಲಿ ಕಾಲ್ ವೈಫೈ ಮೂಲಕವೇ ಬರುತ್ತೆ, ಹೋಗುತ್ತೆ, ಟವರ್ ಹುಡುಕೋ ಕೆಲಸವೇ ಇಲ್ಲ. ಮನೆಯ ಇನ್ನೊಂದು ಫೋನಿಂದ ಒಮ್ಮೆ ಕಾಲ್ ಮಾಡಿ ಪರೀಕ್ಷಿಸಿಕೊಳ್ಳಿ. ಬ್ಯಾಂಕಿನ ಒಟಿಪಿ ಬರದಿದ್ರೆ ಮಾತ್ರ ಎರಡು ನಿಮಿಷ ಫ್ಲೈಟ್ ಮೋಡ್ ತೆಗೀಬೇಕಾಗಬಹುದು.

ಮೂರು ರಾತ್ರಿಯ ಲೆಕ್ಕ

ತಪ್ಪು ಟವರ್‌ದೋ, ಆ್ಯಪ್‌ದೋ, ಬ್ಯಾಟರಿಯದ್ದೋ ಅಂತ ತಿಳಿಯೋಕೆ ಯಾವ ಮೆಷಿನ್ನೂ ಬೇಡ. ಮಲಗೋ ಹೊತ್ತಿಗೆ ಚಾರ್ಜ್ 70ರ ಹತ್ತಿರ ಇರೋ ಹಾಗೆ ನೋಡಿಕೊಳ್ಳಿ. ನೂರರಿಂದ ಶುರು ಮಾಡಬೇಡಿ, ಎಷ್ಟೋ ಫೋನುಗಳು ಸ್ವಲ್ಪ ಇಳಿದ ಮೇಲೂ ನೂರನ್ನೇ ತೋರಿಸ್ತಾ ಕೂರ್ತವೆ.

ಮೊದಲ ರಾತ್ರಿ ಫ್ಲೈಟ್ ಮೋಡ್ ಹಾಕಿ, ವೈಫೈ ಕೂಡ ಆಫ್ ಮಾಡಿ, ಎಷ್ಟಿದೆ ಅಂತ ಬರೆದಿಟ್ಟು ಮಲಗಿ. ಬೆಳಗ್ಗೆ ಮತ್ತೆ ಬರೆದುಕೊಳ್ಳಿ. ಎರಡನೇ ರಾತ್ರಿ ಫ್ಲೈಟ್ ಮೋಡ್ ತೆಗೀರಿ, ಆದ್ರೆ ಡೇಟಾ, ವೈಫೈ ಎರಡೂ ಆಫ್ ಇರಲಿ. ಮೂರನೇ ರಾತ್ರಿ ಡೇಟಾ ಆನ್ ಇಟ್ಟು ಯಾವತ್ತಿನ ಹಾಗೆ ಬಿಡಿ. ಮೂರೂ ದಿನ ಫೋನ್ ಒಂದೇ ಜಾಗದಲ್ಲಿರಬೇಕು. ನಡುರಾತ್ರಿ ಎದ್ದು ರೀಲ್ಸ್ ನೋಡಿದ್ರೆ ಲೆಕ್ಕ ಕೆಡ್ತು, ಮತ್ತೆ ಮಾಡಬೇಕು.

ಒಂದು ಉದಾಹರಣೆ. ಮೊದಲ ರಾತ್ರಿ 70 ಇದ್ದದ್ದು 67ಕ್ಕೆ ಬಂತು. ಎರಡನೇ ರಾತ್ರಿ 70ರಿಂದ 55ಕ್ಕೆ. ಮೂರನೇ ರಾತ್ರಿ 70ರಿಂದ 53ಕ್ಕೆ. ಇಲ್ಲಿ ದೊಡ್ಡ ಜಿಗಿತ ಆಗಿರೋದು ನೆಟ್‌ವರ್ಕ್ ಆನ್ ಮಾಡಿದಾಗ, ಅಂದ್ರೆ ತಪ್ಪು ಟವರ್‌ದು. ಈ ಫೋನಿಗೆ ಹೊಸ ಬ್ಯಾಟರಿ ಹಾಕಿಸಿದ್ರೂ ನೆಟ್‌ವರ್ಕ್ ಸರಿಹೋಗಲ್ಲ. ಮೊದಲ ಎರಡು ರಾತ್ರಿ ಸರಿಯಾಗಿದ್ದು ಮೂರನೇ ರಾತ್ರಿ ಮಾತ್ರ ಸಿಕ್ಕಾಪಟ್ಟೆ ಇಳಿದ್ರೆ ಯಾವುದೋ ಆ್ಯಪ್ ಇಂಟರ್ನೆಟ್‌ನಲ್ಲಿ ರಾತ್ರಿಯಿಡೀ ಕೆಲಸ ಮಾಡ್ತಿದೆ.

ಫ್ಲೈಟ್ ಮೋಡ್‌ನಲ್ಲೇ 10–15 ಇಳಿದ್ರೆ? ಆಗ ಇನ್ನೊಂದು ರಾತ್ರಿ, ಇದೇ ಫ್ಲೈಟ್ ಮೋಡ್‌ನಲ್ಲಿ, ಫೋನನ್ನ ಸೇಫ್ ಮೋಡ್‌ನಲ್ಲಿಡಿ. ಬಹಳಷ್ಟು ಆಂಡ್ರಾಯ್ಡ್ ಫೋನುಗಳಲ್ಲಿ ಪವರ್ ಬಟನ್ ಒತ್ತಿದಾಗ ಬರೋ ‘ಪವರ್ ಆಫ್’ ಮೇಲೆ ಬೆರಳು ಒತ್ತಿ ಹಿಡಿದ್ರೆ ಸೇಫ್ ಮೋಡ್ ಕೇಳುತ್ತೆ. ಅದರಲ್ಲಿ ನೀವು ಹಾಕಿಕೊಂಡ ಆ್ಯಪ್‌ಗಳು ಓಡಲ್ಲ. ಸೋರಿಕೆ ನಿಂತ್ರೆ ಆ್ಯಪ್, ನಿಲ್ಲದಿದ್ರೆ ಬ್ಯಾಟರಿ ಅಥವಾ ಬೋರ್ಡು. ಮಳೆಯಲ್ಲಿ ನೆಂದ ಫೋನಿನ ಬೋರ್ಡು ತುಕ್ಕು ಹಿಡಿದು ಒಳಗೊಳಗೇ ಕರೆಂಟ್ ಎಳೀತಾ ಇರೋದುಂಟು. ಅದು ಗೊತ್ತಾಗೋದು ರಿಪೇರಿ ಮಾಡೋರು ಮೀಟರ್ ಇಟ್ಟು ನೋಡಿದಾಗ ಮಾತ್ರ.

ಯಾವ ಆ್ಯಪ್ ಅಂತ ಹಿಡಿಯೋದು

ಸೆಟ್ಟಿಂಗ್ಸ್‌ನಲ್ಲಿ ಬ್ಯಾಟರಿ, ಅದರೊಳಗೆ ‘ಬ್ಯಾಟರಿ ಯೂಸೇಜ್’. ಪಟ್ಟಿಯ ಮೇಲಿರೋದೇ ಕಳ್ಳ ಅಂದ್ಕೋಬೇಡಿ. ಮೂರು ಗಂಟೆ ಯೂಟ್ಯೂಬ್ ನೋಡಿದ್ರೆ ಯೂಟ್ಯೂಬ್ ಮೇಲಿರೋದು ಸಹಜ. ದಿನವಿಡೀ ಒಮ್ಮೆಯೂ ತೆರೆಯದ ಆ್ಯಪ್ ಬ್ಯಾಕ್‌ಗ್ರೌಂಡ್‌ನಲ್ಲಿ ಎರಡು ಗಂಟೆ ಓಡಿದೆ ಅಂತ ತೋರಿಸ್ತಾ? ಕಳ್ಳ ಅದೇ. ಅದನ್ನ ತೆಗೆದುಹಾಕಿ, ಬೇಕೇ ಬೇಕು ಅಂದ್ರೆ ಬ್ಯಾಕ್‌ಗ್ರೌಂಡ್ ಬಳಕೆ ನಿರ್ಬಂಧಿಸಿ, ಲೊಕೇಶನ್ ಅನುಮತಿಯನ್ನ ‘ಆ್ಯಪ್ ಬಳಸುವಾಗ ಮಾತ್ರ’ ಅಂತ ಮಾಡಿ. ‘ಬ್ಯಾಟರಿ ಸೇವರ್’, ‘ಫೋನ್ ಕ್ಲೀನರ್’ ಅಂತ ಪ್ಲೇಸ್ಟೋರ್‌ನಲ್ಲಿ ಸಿಗೋ ಆ್ಯಪ್‌ಗಳನ್ನ ಮೊದಲು ಕಿತ್ತುಹಾಕಿ. ಉಳಿಸ್ತೀವಿ ಅಂತ ಬಂದು ಜಾಹೀರಾತು ತೋರಿಸಿ ತಿನ್ನೋದೇ ಜಾಸ್ತಿ. ಫೋನಿನೊಳಗೇ ಇರೋ ಬ್ಯಾಟರಿ ಸೇವರ್ ಸಾಕು.

ನಿಮಿಷಕ್ಕೊಮ್ಮೆ ಎಲ್ಲ ಆ್ಯಪ್‌ಗಳನ್ನ ಉಜ್ಜಿ ಉಜ್ಜಿ ಮುಚ್ಚೋ ಅಭ್ಯಾಸ ಇದೆಯಲ್ಲ, ಅದರಿಂದ ಉಳಿತಾಯ ಇಲ್ಲ. ಮುಚ್ಚಿದ ವಾಟ್ಸಾಪ್ ಮತ್ತೆ ಮೊದಲಿಂದ ತೆರೆಯೋಕೆ ಇನ್ನಷ್ಟು ಚಾರ್ಜ್ ಬೇಕು. ಡಾರ್ಕ್ ಮೋಡ್ ಉಪಯೋಗ ಇರೋದು ಅಮೊಲೆಡ್ ಸ್ಕ್ರೀನಿಗೆ, ಎಲ್‌ಸಿಡಿ ಸ್ಕ್ರೀನಿಗೆ ಕಪ್ಪಾದ್ರೂ ಬಿಳಿಯಾದ್ರೂ ಖರ್ಚು ಹೆಚ್ಚುಕಮ್ಮಿ ಒಂದೇ. ದೊಡ್ಡ ಅಪ್‌ಡೇಟ್ ಆದ ಮೇಲೆ ಒಂದೆರಡು ದಿನ ಚಾರ್ಜ್ ಬೇಗ ಇಳಿಯೋದು ಮಾಮೂಲಿ, ಆಗ ಪರೀಕ್ಷೆ ಮಾಡಬೇಡಿ.

ಕೆಲವರ ಕೆಲಸಕ್ಕೆ ಮಾತ್ರ ಯಾವ ಉಪಾಯವೂ ಸಾಲಲ್ಲ. ಬೆಳೆ ಸಮೀಕ್ಷೆಗೆ ಹೊಲ ಸುತ್ತೋ ಹುಡುಗರನ್ನ ನೋಡಿ. ಜಿಪಿಎಸ್ ಆನ್, ಕ್ಯಾಮೆರಾ ಆನ್, ಬಿಸಿಲಿಗೆ ಸ್ಕ್ರೀನ್ ಕಾಣಲಿ ಅಂತ ಬ್ರೈಟ್‌ನೆಸ್ ಪೂರ್ತಿ, ಅದರ ಮೇಲೆ ಟವರ್ ಇಲ್ಲ. ನಾಲ್ಕೂ ಒಟ್ಟಿಗೆ ಬಂದ್ರೆ ಹೊಸ ಫೋನೂ ಮಧ್ಯಾಹ್ನಕ್ಕೆ ಸುಸ್ತು. ಅವರಿಗೆ ಬೇಕಾಗಿರೋದು ಪವರ್ ಬ್ಯಾಂಕ್, ಹೊಸ ಬ್ಯಾಟರಿ ಅಲ್ಲ.

ಬ್ಯಾಟರಿ ಹೆಲ್ತ್ ನೋಡೋದು ಹೇಗೆ?

ಫೋನಿನ ಲಿಥಿಯಂ ಬ್ಯಾಟರಿ ಚಾರ್ಜ್ ಆದಂತೆಲ್ಲ ಸ್ವಲ್ಪ ಸ್ವಲ್ಪವೇ ಸವೆಯುತ್ತೆ. 5000 ಎಂಎಎಚ್ ಬ್ಯಾಟರಿಯ ಹೆಲ್ತ್ 80ಕ್ಕೆ ಇಳಿದ್ರೆ ಈಗ ಅದರಲ್ಲಿ ಹಿಡಿಯೋದು 4000 ಮಾತ್ರ. ಸ್ಕ್ರೀನ್ ಮೇಲೆ 100 ಅಂತ ಕಂಡರೂ ಅದು ಸಣ್ಣ ಟ್ಯಾಂಕಿನ ನೂರು.

ಐಫೋನಲ್ಲಿ ಸೆಟ್ಟಿಂಗ್ಸ್, ಬ್ಯಾಟರಿ, ಬ್ಯಾಟರಿ ಹೆಲ್ತ್ ಅಂತ ಹೋದ್ರೆ ‘ಮ್ಯಾಕ್ಸಿಮಮ್ ಕೆಪಾಸಿಟಿ’ ಕಾಣುತ್ತೆ. ಐಫೋನ್ 15ರಿಂದ ಈಚೆಗೆ ಎಷ್ಟು ಸೈಕಲ್ ಆಗಿದೆ ಅಂತಲೂ ಇರುತ್ತೆ. ಸೈಕಲ್ ಅಂದ್ರೆ ಚಾರ್ಜರ್ ಚುಚ್ಚಿದ ಲೆಕ್ಕ ಅಲ್ಲ. ಇವತ್ತು 50, ನಾಳೆ 50 ಖರ್ಚಾದ್ರೆ ಎರಡೂ ಸೇರಿ ಒಂದು ಸೈಕಲ್. ಐಫೋನ್ 14 ಮತ್ತು ಹಳೆಯವು 500 ಸೈಕಲ್‌ಗೆ, 15ರ ನಂತರದವು 1000 ಸೈಕಲ್‌ಗೆ 80 ಪರ್ಸೆಂಟ್ ಉಳಿಸಿಕೊಳ್ಳೋ ಹಾಗೆ ಮಾಡಿದ್ದೀವಿ ಅನ್ನೋದು ಆ್ಯಪಲ್ ಕಂಪನಿಯದೇ ಮಾತು.

ಆಂಡ್ರಾಯ್ಡ್‌ನಲ್ಲಿ ಒಂದೊಂದು ಕಂಪನಿಯದ್ದು ಒಂದೊಂದು ದಾರಿ. ಸ್ಯಾಮ್‌ಸಂಗ್‌ನಲ್ಲಿ ‘ಸ್ಯಾಮ್‌ಸಂಗ್ ಮೆಂಬರ್ಸ್’ ಆ್ಯಪ್ ತೆಗೆದು ಡಯಾಗ್ನೋಸ್ಟಿಕ್ಸ್‌ನಲ್ಲಿ ಬ್ಯಾಟರಿ ಸ್ಟೇಟಸ್ ನೋಡಬಹುದು. ಒನ್‌ಪ್ಲಸ್, ಒಪ್ಪೊ, ರಿಯಲ್‌ಮಿಯ ಎಷ್ಟೋ ಮಾಡೆಲ್‌ಗಳಲ್ಲಿ ಬ್ಯಾಟರಿ ಸೆಟ್ಟಿಂಗ್ಸ್ ಒಳಗೇ ‘ಬ್ಯಾಟರಿ ಹೆಲ್ತ್’ ಇದೆ. ಯಾವುದೂ ಇಲ್ಲದ ಫೋನಿಗೆ ಅಕ್ಯುಬ್ಯಾಟರಿ ಅನ್ನೋ ಆ್ಯಪ್ ಇದೆ. ಅದು ಚಾರ್ಜ್ ಆಗುವಾಗ ಎಷ್ಟು ಒಳಗೆ ಹೋಯ್ತು ಅಂತ ಅಳೆದು ಅಂದಾಜು ಹೇಳುತ್ತೆ. ಮೊದಲ ದಿನದ ಅಂಕಿ ನಂಬಬೇಡಿ, ಎಂಟ್ಹತ್ತು ಸಲ ಚಾರ್ಜ್ ಮಾಡಿದ ಮೇಲೆ ನೋಡಿ, ಆಮೇಲೆ ಆ್ಯಪ್ ತೆಗೆದುಬಿಡಿ. ಸೆಕೆಂಡ್ ಹ್ಯಾಂಡ್ ಫೋನ್ ಕೊಳ್ಳೋರಂತೂ ದುಡ್ಡು ಕೊಡೋ ಮುಂಚೆ ಇದನ್ನ ನೋಡಲೇಬೇಕು.

ಅಂಕಿಗಿಂತ ಲಕ್ಷಣಗಳೇ ಹೆಚ್ಚು ನಿಜ ಹೇಳ್ತವೆ. 25 ಪರ್ಸೆಂಟ್ ಇರುವಾಗಲೇ ಫೋನ್ ಆಫ್ ಆಗೋದು, ಕ್ಯಾಮೆರಾ ತೆಗೆದ ಕೂಡ್ಲೆ 40 ಇದ್ದದ್ದು 15ಕ್ಕೆ ಬೀಳೋದು, ಚಾರ್ಜ್ ಬಹಳ ಬೇಗ ತುಂಬಿ ಅಷ್ಟೇ ಬೇಗ ಖಾಲಿ ಆಗೋದು. ಇದೆಲ್ಲ ಬ್ಯಾಟರಿ ಸವೆದಿರೋದರ ಗುರುತು. ಇಂಥದ್ದಿದ್ರೆ ಬ್ಯಾಟರಿ ಬದಲಿಸೋದೇ ಸರಿ, ಹೊಸ ಫೋನ್ ಬೇಕಾಗಿಲ್ಲ. ಚಾರ್ಜ್ ಆಗೋದೇ ನಿಧಾನ ಅಂದ್ರೆ ಮಾತ್ರ ಮೊದಲು ಬೇರೆ ಕೇಬಲ್ ಹಾಕಿ ನೋಡಿ.

ವಾರಕ್ಕೊಮ್ಮೆ ಪೂರ್ತಿ ಸೊನ್ನೆಗೆ ಇಳಿಸಿ ತುಂಬಬೇಕು ಅನ್ನೋದು ಹಳೇ ನಿಕ್ಕೆಲ್ ಬ್ಯಾಟರಿ ಕಾಲದ ಮಾತು. ಈಗಿನ ಬ್ಯಾಟರಿಗೆ ಅದರಿಂದ ನಷ್ಟವೇ. 20ರಿಂದ 80ರ ನಡುವೆ ಇದ್ರೆ ಅದಕ್ಕೆ ಆರಾಮ. ದೊಡ್ಡ ಶತ್ರು ಬಿಸಿ. 35 ಡಿಗ್ರಿ ಮೇಲಿನ ವಾತಾವರಣದಲ್ಲಿ ಬಳಸಿದ್ರೆ ಸಾಮರ್ಥ್ಯ ಶಾಶ್ವತವಾಗಿ ಕುಗ್ಗಬಹುದು ಅಂತ ಆ್ಯಪಲ್ ಎಚ್ಚರಿಸುತ್ತೆ. ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್, ತಲೆದಿಂಬಿನ ಅಡಿ ಚಾರ್ಜಿಂಗ್, ಚಾರ್ಜಿಗೆ ಹಾಕಿ ಹಾಟ್‌ಸ್ಪಾಟ್ ಕೊಡೋದು ಎಲ್ಲ ಒಂದೇ ಜಾತಿ. ಮಳೆಯಲ್ಲಿ ನೆಂದ ಫೋನನ್ನ ಬಚ್ಚಲ ಒಲೆ ಪಕ್ಕ ಒಣಗಿಸೋಕೆ ಇಡೋರೂ ಇದ್ದಾರೆ, ದಯವಿಟ್ಟು ಬೇಡ. ಆಫ್ ಮಾಡಿ, ಫ್ಯಾನ್ ಗಾಳಿಗೆ ಇಡಿ.

ಉಬ್ಬಿದ್ರೆ ಪರೀಕ್ಷೆ ಬೇಡ

ಫೋನಿನ ಹಿಂಬದಿ ಎದ್ದಿದೆ, ಸ್ಕ್ರೀನ್ ಪಕ್ಕದಲ್ಲಿ ಸಂದು ಬಿಟ್ಟಿದೆ, ಮೇಜಿನ ಮೇಲಿಟ್ಟರೆ ಅಲ್ಲಾಡುತ್ತೆ ಅಂದ್ರೆ ಬ್ಯಾಟರಿ ಒಳಗೆ ಗ್ಯಾಸ್ ತುಂಬಿದೆ. ಮೇಲೆ ಹೇಳಿದ ಯಾವ ಪರೀಕ್ಷೆಯೂ ಅದಕ್ಕಲ್ಲ. ಚಾರ್ಜಿಗೆ ಹಾಕಬೇಡಿ, ಒತ್ತಿ ಕೂರಿಸಬೇಡಿ, ಪಿನ್ ಚುಚ್ಚಿ ಗಾಳಿ ತೆಗೆಯೋ ಸಾಹಸವಂತೂ ಬೇಡವೇ ಬೇಡ. ಫೋನ್ ಆಫ್ ಮಾಡಿ, ಬಟ್ಟೆ, ಹಾಸಿಗೆಯಿಂದ ದೂರ ಇಟ್ಟು, ಆದಷ್ಟು ಬೇಗ ಸರ್ವಿಸ್ ಸೆಂಟರ್‌ಗೆ ಒಯ್ಯಿರಿ. 2016ರಲ್ಲಿ ಸ್ಯಾಮ್‌ಸಂಗ್ ತನ್ನ ಗ್ಯಾಲಕ್ಸಿ ನೋಟ್ 7 ಫೋನುಗಳನ್ನ ಜಗತ್ತಿನಾದ್ಯಂತ ವಾಪಸ್ ಪಡೆದದ್ದು ಬ್ಯಾಟರಿಗೆ ಬೆಂಕಿ ಹತ್ತಿದ್ದಕ್ಕೇ.

ತೆಗೆದ ಹಳೇ ಬ್ಯಾಟರಿಯನ್ನ ಮನೆಗೆ ತಂದು ಮಕ್ಕಳ ಕೈಗೆ ಸಿಗೋ ಹಾಗೆ ಇಡಬೇಡಿ, ಪಂಚಾಯ್ತಿ ಕಸದ ಗಾಡಿಗೂ ಹಾಕಬೇಡಿ. ಗಾಡಿಯಲ್ಲಿ ಜಜ್ಜಿಹೋದ್ರೆ ಅಲ್ಲೇ ಹೊತ್ತಿಕೊಳ್ಳಬಹುದು. ಕೇಂದ್ರ ಸರ್ಕಾರದ 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೇ ಬ್ಯಾಟರಿ ಸಂಗ್ರಹಿಸಿ ಮರುಬಳಕೆಗೆ ಕಳಿಸೋ ಹೊಣೆ ಬ್ಯಾಟರಿ ಮಾರುಕಟ್ಟೆಗೆ ಬಿಡೋ ಕಂಪನಿಗಳದ್ದು. ಹೊಸದು ಹಾಕಿಸಿದ ಸರ್ವಿಸ್ ಸೆಂಟರ್‌ನಲ್ಲೇ ಹಳೇದನ್ನ ತಗೊಳ್ಳಿ ಅಂತ ಕೇಳಿ ಕೊಟ್ಟು ಬನ್ನಿ.