ನಾಲಿಗೆ ಉರಿ ಬಿಡದಿದ್ದರೆ

ಪ್ರಶ್ನೆ: ಖಾರ ತಿನ್ನದಿದ್ದರೂ ನಾಲಿಗೆ ಸದಾ ಉರಿಯುವುದೇಕೆ? (ಓದುಗರು, ಕಮಲಾಪುರ)

ಉತ್ತರ: ನಾಲಿಗೆ ಉರಿಗೆ ಮೊದಲು ಹುಡುಕಬೇಕಾದ ಕಾರಣ ಬಿ12, ಫೋಲೇಟ್ ಅಥವಾ ಕಬ್ಬಿಣಾಂಶದ ಕೊರತೆ. ಆಗ ಮೇಲ್ಮೈಯ ಚಿಕ್ಕ ಉಬ್ಬುಗಳು ಸವೆದು ನಾಲಿಗೆ ಕೆಂಪಗೆ, ನುಣ್ಣಗೆ ಕಾಣುತ್ತದೆ. ಜೋಳದ ರೊಟ್ಟಿ, ಬೇಳೆ, ಪಲ್ಯಗಳಲ್ಲಿ ಬಿ12 ಇರುವುದಿಲ್ಲ. ಹಾಲು, ಮೊಸರು, ಮೊಟ್ಟೆ, ಮಾಂಸದಲ್ಲಿ ಇರುತ್ತದೆ. ಸಕ್ಕರೆ ಕಾಯಿಲೆ, ಬಾಯಿ ಒಣಗುವಿಕೆ, ಶಿಲೀಂಧ್ರ ಸೋಂಕು, ಹುಳಿತೇಗು, ರಕ್ತದೊತ್ತಡದ ಕೆಲವು ಮಾತ್ರೆಗಳೂ ಕಾರಣವಾಗಬಹುದು. ಗುಟ್ಕಾ, ಅಡಿಕೆ ಜಗಿಯುವವರಿಗೆ ಉರಿಯ ಜೊತೆ ಬಾಯಿ ತೆರೆಯುವುದೂ ಕಷ್ಟವಾದರೆ, ಅದು ಕ್ಯಾನ್ಸರಿಗೆ ತಿರುಗಬಲ್ಲ ಸ್ಥಿತಿಯಿರಬಹುದು. ಪರೀಕ್ಷೆಗಳೆಲ್ಲ ಸರಿಯಿದ್ದೂ ಉಳಿಯುವ ಉರಿಗೆ ನರಗಳ ತೊಂದರೆ ಕಾರಣವಿರಬಹುದು. ಮುಟ್ಟು ನಿಂತ ಮಹಿಳೆಯರಲ್ಲಿ ಇದು ಹೆಚ್ಚು. ಎರಡು ವಾರ ಮೀರಿದ ಉರಿಯನ್ನು ಕಲಬುರಗಿಯ ಜಿಮ್ಸ್ ಆಸ್ಪತ್ರೆಯಲ್ಲಾಗಲಿ, ದಂತ ವೈದ್ಯರಲ್ಲಾಗಲಿ ತೋರಿಸಿ ರಕ್ತ ಪರೀಕ್ಷೆ ಮಾಡಿಸಬೇಕು.