ಮೂರು ಚಪಾತಿ ಮತ್ತು ಒಂದು ಮುಳುಗಡೆ ಕತೆ

ಆ ದಿನ ಬೆಳಗ್ಗೆ ಬಂದದ್ದು 17ನೇ ಮೇಲ್. ‘ನಿಮ್ಮ ಆಸಕ್ತಿಗೆ ಧನ್ಯವಾದಗಳು, ಆದರೆ ಈ ಬಾರಿ...’ ಎಂದು ಶುರುವಾಗುವ ಮೇಲ್‌ಗಳನ್ನು ನಾನು ಪೂರ್ತಿ ಓದುವುದನ್ನೇ ಬಿಟ್ಟಿದ್ದೆ. ಎಂ.ಎಸ್ಸಿ ಮಾಡಲು ಬಾಗಲಕೋಟೆಯಿಂದ ಇಂಗ್ಲೆಂಡಿನ ಬ್ರಾಡ್‌ಫರ್ಡ್‌ಗೆ ಬಂದು ಎರಡು ತಿಂಗಳಾಗಿತ್ತು. ವಿದ್ಯಾರ್ಥಿ ವೀಸಾದಲ್ಲಿ ತರಗತಿ ನಡೆಯುವ ದಿನಗಳಲ್ಲಿ ವಾರಕ್ಕೆ 20 ಗಂಟೆ ದುಡಿಯಬಹುದು. ಆ 20 ಗಂಟೆಯ ಕೆಲಸವೇ ಸಿಕ್ಕಿರಲಿಲ್ಲ. ಸಿಕ್ಕಿದೆ ಎಂದು ಮಾತ್ರ ಅಪ್ಪನಿಗೆ ಅಕ್ಟೋಬರ್‌ನಲ್ಲೇ ಹೇಳಿಬಿಟ್ಟಿದ್ದೆ.

ನವೆಂಬರ್ ತಿಂಗಳು. ಸಂಜೆ ನಾಲ್ಕೂವರೆಗೆಲ್ಲ ಕತ್ತಲು. ನನ್ನ ಮುಖ ನೋಡಿದ ಮಲಯಾಳಿ ಸಹಪಾಠಿ, ‘ಬಾ, ಇವತ್ತು ಹೊರಗೆ ಊಟ’ ಎಂದು ಎಳೆದುಕೊಂಡು ಹೊರಟಳು. ಎಲ್ಲಿಗೆ ಎಂದು ಕೇಳಿದೆ. ‘ಪಾಕಿಸ್ತಾನಿ ಹೋಟೆಲ್‌. ಹತ್ತಿರ ಇದೆ, ಕಡಿಮೆ ರೇಟು’ ಎಂದಳು.

ನನ್ನ ಕಾಲು ನಿಧಾನವಾಯಿತು. ಸುಳ್ಳೇಕೆ ಹೇಳಲಿ? ಎರಡು ಕಾರಣಗಳಿದ್ದವು. ಒಂದು, ನಾನು ಅಪ್ಪಟ ಸಸ್ಯಾಹಾರಿ. ಇನ್ನೊಂದು, ಅಲ್ಲಿ ಕೂತ ಫೋಟೊ ಯಾರಾದರೂ ಗ್ರೂಪಿಗೆ ಹಾಕಿದರೆ ಊರಲ್ಲಿ ಏನೆಂದಾರು ಎಂಬ ಅಳುಕು. ಅದುವರೆಗೆ ಪಾಕಿಸ್ತಾನದ ಒಬ್ಬರ ಜೊತೆಗೂ ನಾನು ಮಾತಾಡಿರಲಿಲ್ಲ. ನನಗೆ ಗೊತ್ತಿದ್ದ ಪಾಕಿಸ್ತಾನವೆಂದರೆ ಟಿ.ವಿ. ಚರ್ಚೆ ಮತ್ತು ಕ್ರಿಕೆಟ್‌. ಹಸಿವು ಮತ್ತು ಚಳಿ ಎರಡೂ ಸೇರಿ ನನ್ನನ್ನು ಒಳಗೆ ತಳ್ಳಿದವು.

ಒಳಗೆ ಹೋದರೆ ನಮ್ಮೂರಿನ ಖಾನಾವಳಿ! ಉಜ್ಜಿ ಉಜ್ಜಿ ಮಾಸಿದ ಫಾರ್ಮೈಕಾ ಟೇಬಲ್, ಮೇಲೊಂದು ಸ್ಟೀಲ್ ಜಗ್ಗು, ಹೆಚ್ಚಿದ ಈರುಳ್ಳಿ, ಪುದೀನ ಬೆರೆಸಿದ ಮೊಸರು. ಗೋಡೆಯ ಮೇಲೆ ಬಣ್ಣ ಕಳೆದುಕೊಂಡ ಒಂದು ಬೆಟ್ಟದ ಚಿತ್ರ. ಚಮಚ, ಫೋರ್ಕ್ ಎಲ್ಲೂ ಕಾಣಲಿಲ್ಲ. ಟ್ಯಾಕ್ಸಿ ಚಾಲಕರು, ಕಟ್ಟಡ ಕೆಲಸದವರು, ನಮ್ಮಂಥ ವಿದ್ಯಾರ್ಥಿಗಳು, ಎರಡು ಟೇಬಲ್ ಆಚೆ ಒಬ್ಬ ಬಿಳಿಯ ಅಜ್ಜ, ಎಲ್ಲರೂ ಚಪಾತಿ ಮುರಿದು ಕೈಯಲ್ಲೇ ಊಟ ಮಾಡುತ್ತಿದ್ದರು. ಎರಡು ತಿಂಗಳಿಂದ ಕ್ಯಾಂಟೀನಿನಲ್ಲಿ ಫೋರ್ಕ್ ಹಿಡಿದು ಅನ್ನದ ಜೊತೆ ಗುದ್ದಾಡಿದ್ದ ನನಗೆ ಅರ್ಧ ಜೀವ ಬಂತು.

ಆರ್ಡರ್ ತೆಗೆದುಕೊಳ್ಳಲು ಬಂದವರಿಗೆ ಅರವತ್ತು ದಾಟಿತ್ತು. ಎಲ್ಲರೂ ‘ಚಾಚಾ’ ಎನ್ನುತ್ತಿದ್ದರು. ಗೆಳತಿ ಕುರಿಮಾಂಸದ ಕಡಾಯಿ ಹೇಳಿದಳು. ನಾನು ಬೋರ್ಡಿನಲ್ಲಿ ಸುರಕ್ಷಿತವಾಗಿ ಕಂಡದ್ದನ್ನು ಆರಿಸಿದೆ: ‘ಏಕ್ ಚನಾ.’

ಚಾಚಾ ಪೆನ್ನು ನಿಲ್ಲಿಸಿದರು. ‘ಬೇಟಾ, ಮಾಂಸ ತಿನ್ನುತ್ತೀಯಾ?’

‘ಇಲ್ಲ.’

‘ಹಾಗಾದರೆ ಚನಾ ಬೇಡ. ನಮ್ಮಲ್ಲಿ ಲಾಹೋರಿನ ಥರ ಮಾಡುತ್ತಾರೆ, ಕಡಲೆ ಬೇಯುವುದು ಕೋಳಿಯ ಸಾರಿನಲ್ಲಿ. ನೋಡಿದರೆ ಗೊತ್ತಾಗುವುದಿಲ್ಲ. ಮಾಷ್ ಕೀ ದಾಲ್ ತಗೋ. ಅದಕ್ಕೆ ಬೇರೆ ಪಾತ್ರೆ, ಬೇರೆ ಸೌಟು ತೆಗೆಸುತ್ತೇನೆ.’

ಅವರು ಸುಮ್ಮನಿದ್ದಿದ್ದರೆ ನಾನು ತಿಂದು ಎದ್ದು ಹೋಗುತ್ತಿದ್ದೆ. ಕೊನೆಯವರೆಗೂ ನನಗೆ ಗೊತ್ತಾಗುತ್ತಿರಲಿಲ್ಲ. ಯಾರ ಬಗ್ಗೆ ಅಳುಕಿನಿಂದ ಬಾಗಿಲಲ್ಲಿ ನಿಂತಿದ್ದೆನೋ, ಅವರೇ ನನ್ನ ವ್ರತ ಕಾಯ್ದರು.

ಮಾಷ್ ಎಂದರೆ ಉದ್ದಿನಬೇಳೆ. ಇಡ್ಲಿ, ದೋಸೆ, ವಡೆಗೆ ಬಿಟ್ಟರೆ ಒಗ್ಗರಣೆಗೆ ಮಾತ್ರ ಗೊತ್ತಿದ್ದ ಬೇಳೆ. ಇಲ್ಲಿ ಅದನ್ನು ಕಾಳು ಕಾಳಾಗಿ ಉಳಿಯುವಂತೆ ಬೇಯಿಸಿ, ಮೇಲೆ ಶುಂಠಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಹಾಕಿ ತಂದಿದ್ದರು. ಸಾರಿಲ್ಲ, ರಸವಿಲ್ಲ. ನಮ್ಮ ಝುಣಕದ ದೂರದ ನೆಂಟನಂತಿತ್ತು. ಗೆಳತಿಯ ಕಡಾಯಿ ಕಬ್ಬಿಣದ ಬಾಣಲೆಯಲ್ಲೇ ಸುಯ್ ಎನ್ನುತ್ತ ಬಂತು. ಟೊಮೆಟೊ, ಶುಂಠಿ, ಮೆಣಸಿನಕಾಯಿ ಹುರಿದು ಎಣ್ಣೆ ಬಿಟ್ಟುಕೊಂಡಿತ್ತು. ಇಬ್ಬರ ಮುಂದೆಯೂ ಕೇಳದೆಯೇ ಮೂರು ಮೂರು ಚಪಾತಿ.

‘ನಾವು ಚಪಾತಿ ಹೇಳಲಿಲ್ಲವಲ್ಲ?’ ಎಂದೆ. ಇನ್ನೆಷ್ಟು ಪೌಂಡ್ ಏರುತ್ತದೋ ಎಂಬ ಭಯ ನನ್ನದು.

ಚಾಚಾ ನಕ್ಕರು. ‘ಪಲ್ಯಕ್ಕೆ ಮೂರು ಚಪಾತಿ ಫ್ರೀ. ಬ್ರಾಡ್‌ಫರ್ಡ್‌ನ ಹಳೇ ಲೆಕ್ಕ.’

ಊಟದ ಹೊತ್ತು ಮುಗಿಯುತ್ತಾ ಬಂದಿತ್ತು. ಅವರು ಪಕ್ಕದ ಕುರ್ಚಿ ಎಳೆದು ಕೂತರು. ಬ್ರಾಡ್‌ಫರ್ಡ್ ಒಂದು ಕಾಲಕ್ಕೆ ಉಣ್ಣೆ ಗಿರಣಿಗಳ ಊರು. 1950, 60ರ ದಶಕದಲ್ಲಿ ಪಾಕಿಸ್ತಾನದ ಕಡೆಯಿಂದ ಗಂಡಸರು ಒಬ್ಬೊಬ್ಬರೇ ಬಂದು, ಸ್ಥಳೀಯರು ಒಲ್ಲದ ರಾತ್ರಿ ಪಾಳಿಗೆ ಸೇರಿಕೊಂಡರು. ಒಂದೇ ಮನೆಯಲ್ಲಿ ಹತ್ತಾರು ಜನ. ಅಡುಗೆ ಮಾಡಿಕೊಳ್ಳಲು ಪುರಸೊತ್ತಿಲ್ಲದ ಅವರಿಗಾಗಿಯೇ ಇಂಥ ಸಣ್ಣ ಹೋಟೆಲುಗಳು ಹುಟ್ಟಿದವು. ಹೊಟ್ಟೆ ತುಂಬಬೇಕು, ಜೇಬು ಖಾಲಿಯಾಗಬಾರದು ಎಂಬುದೇ ಲೆಕ್ಕ. ಹುಬ್ಬಳ್ಳಿ, ವಿಜಯಪುರದ ಖಾನಾವಳಿಗಳ ಲೆಕ್ಕವೂ ಇದೇ ಅಲ್ಲವೇ?

‘ನಿಮ್ಮ ಊರು ಲಾಹೋರಾ?’ ಎಂದು ಕೇಳಿದೆ.

‘ಅಲ್ಲ, ಮೀರ್‌ಪುರ. ಆದರೆ ನಾನು ಹುಟ್ಟಿದ ಮೀರ್‌ಪುರ ಈಗ ಇಲ್ಲ. ಅದು ನೀರಿನ ಕೆಳಗಿದೆ.’

ಕೈಯಲ್ಲಿದ್ದ ತುತ್ತು ಹಾಗೇ ಉಳಿಯಿತು.

ಮೀರ್‌ಪುರ ಇರುವುದು ನಮ್ಮ ಪತ್ರಿಕೆಗಳು ಪಾಕ್ ಆಕ್ರಮಿತ ಕಾಶ್ಮೀರ ಎಂದು ಬರೆಯುವ ಭಾಗದಲ್ಲಿ. ಅಲ್ಲಿ ಜೇಲಂ ನದಿಗೆ ಕಟ್ಟಿದ ಮಂಗ್ಲಾ ಅಣೆಕಟ್ಟು 1967ರಲ್ಲಿ ಪೂರ್ಣಗೊಂಡಿತು. ಹಳೆ ಮೀರ್‌ಪುರ ಪಟ್ಟಣ, ಸುತ್ತಲಿನ ಹಳ್ಳಿಗಳು ಮುಳುಗಿ ಒಂದು ಲಕ್ಷಕ್ಕೂ ಹೆಚ್ಚು ಜನ ನೆಲೆ ಕಳೆದುಕೊಂಡರು. ಅವರಲ್ಲಿ ಅನೇಕರು ಬ್ರಿಟನ್ನಿನ ಗಿರಣಿಗಳಿಗೆ ಬಂದರು. ಚಾಚಾನ ತಂದೆಯೂ ಹಾಗೆ ಬಂದವರು. ನೀರು ಏರುವಾಗ ಚಾಚಾಗೆ ಏಳು ವರ್ಷವಂತೆ. ಅವರ ತಾಯಿ ಮನೆಯ ಬಾಗಿಲಿನ ಚಿಲಕ ಕಿತ್ತುಕೊಂಡು ಬಂದಿದ್ದರಂತೆ.

‘ಆಮೇಲೆ ಅಣೆಕಟ್ಟನ್ನು ಇನ್ನೂ 30 ಅಡಿ ಎತ್ತರಿಸಿದರು. ಮತ್ತೆ ಜನ ಎದ್ದರು’ ಎಂದರು ಚಾಚಾ. ‘ಆದರೆ ನೀರು ಇಳಿದಾಗ ಹಳೇ ಊರು ಕಾಣುತ್ತೆ. ಒಂದು ದರ್ಗಾ, ಒಂದು ಹಿಂದೂ ದೇವಸ್ಥಾನ. ಜನ ನಡೆದುಕೊಂಡು ಹೋಗಿ ಗೋರಿಗಳಿಗೆ ಕೈಮುಗಿದು ಬರುತ್ತಾರೆ.’

ಬಾಗಲಕೋಟೆಯವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ. ‘ಮುಳುಗಡೆ’ ಎಂಬ ಪದ ಕೇಳುತ್ತಲೇ ಬೆಳೆದವರು ನಾವು. ಆಲಮಟ್ಟಿ ಹಿನ್ನೀರಿಗೆ ಅಪ್ಪನ ಊರು ಹೋಯಿತು. ನಾನು ಹುಟ್ಟಿದ್ದೇ ನವನಗರದಲ್ಲಿ, ಹೆಸರಿಲ್ಲದ, ಬರೀ ನಂಬರ್ ಇರುವ ಸೆಕ್ಟರಿನಲ್ಲಿ. ಅಣೆಕಟ್ಟನ್ನು 519.60 ಮೀಟರಿನಿಂದ 524.256 ಮೀಟರಿಗೆ ಎತ್ತರಿಸುವ ಸುದ್ದಿ ಬಂದಾಗಲೆಲ್ಲ ಮನೆಯಲ್ಲಿ ಅಪ್ಪ ಪತ್ರಿಕೆ ಮಡಿಚಿಟ್ಟು ಸುಮ್ಮನಾಗುತ್ತಾರೆ. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಒಮ್ಮೆ ನನ್ನನ್ನು ಬೈಕಿನಲ್ಲಿ ಕರೆದೊಯ್ದು, ಬಿರುಕುಬಿಟ್ಟ ಕೆಸರಿನ ನಡುವೆ ಎದ್ದು ನಿಂತಿದ್ದ ಹನುಮಪ್ಪನ ಗುಡಿಯ ಕಟ್ಟೆ ತೋರಿಸಿದ್ದರು. ಪರಿಹಾರದ ದುಡ್ಡಿನಲ್ಲಿ ಉಳಿದಿದ್ದ ಕೊನೆಯ ಠೇವಣಿ ಮುರಿದೇ ನನ್ನನ್ನು ಇಲ್ಲಿಗೆ ಕಳಿಸಿದ್ದು.

ನನಗೆ ಬರುವ ಹರುಕುಮುರುಕು ಹಿಂದಿಯಲ್ಲಿ ಇದನ್ನೆಲ್ಲ ಚಾಚಾಗೆ ಹೇಳಿದೆ. ಕೆಲಸ ಸಿಕ್ಕಿಲ್ಲ, ಅಪ್ಪನಿಗೆ ಸುಳ್ಳು ಹೇಳಿದ್ದೇನೆ ಎಂಬುದನ್ನೂ ಹೇಳಿದೆ. ಎರಡು ತಿಂಗಳಲ್ಲಿ ಯಾರಿಗೂ ಹೇಳದ ಮಾತು ಅದು. ಪಕ್ಕದಲ್ಲಿದ್ದ ಗೆಳತಿಗೂ ಗೊತ್ತಿರಲಿಲ್ಲ.

ಚಾಚಾ ನನಗೆ ಕೆಲಸ ಕೊಡಲಿಲ್ಲ. ‘ಇಲ್ಲಿ ಈಗ ಜಾಗ ಇಲ್ಲ ಬೇಟಾ’ ಎಂದು ನೇರವಾಗಿ ಹೇಳಿದರು. ‘ಕೈಗೆ ನಗದು ಕೊಡುತ್ತೇವೆ, ಲೆಕ್ಕದಲ್ಲಿ ಬೇಡ ಎನ್ನುವವರ ಬಳಿ ಮಾತ್ರ ಹೋಗಬೇಡ. ವೀಸಾ ಹೋದರೆ ಓದೂ ಹೋಯಿತು’ ಎಂದು ಎಚ್ಚರಿಸಿದರು. ಆಮೇಲೆ ಒಂದು ಮಾತು ಸೇರಿಸಿದರು: ‘ನನ್ನ ಅಬ್ಬಾ ಮೊದಲ ವರ್ಷ ಊರಿಗೆ ಎಲ್ಲ ಚೆನ್ನಾಗಿದೆ ಅಂತಲೇ ಕಾಗದ ಬರೆಯುತ್ತಿದ್ದರು. ನಾವು ಬಂದು ನೋಡಿದರೆ ಎಂಟು ಜನ ಒಂದು ಕೋಣೆಯಲ್ಲಿದ್ದರು. ಅಮ್ಮ ಕೋಣೆ ನೋಡಿ ಅಳಲಿಲ್ಲ, ಕಾಗದ ನೆನೆದು ಅತ್ತಳು.’

ಕೊನೆಗೆ ದೂಧ್ ಪತ್ತಿ ಬಂತು. ನೀರು ಬೆರೆಸದೆ ಹಾಲಿನಲ್ಲೇ ಸೊಪ್ಪು ಕುದಿಸಿದ ಗಟ್ಟಿ ಚಹಾ. ಅದನ್ನು ಬಿಲ್ಲಿಗೆ ಹಾಕಿರಲಿಲ್ಲ. ನನ್ನ ಪಾಲಿಗೆ ಬಂದದ್ದು ಆರೂವರೆ ಪೌಂಡ್. ದಿನಕ್ಕೆ ಐದು ಪೌಂಡ್ ಎಂದು ನಾನು ಹಾಕಿಕೊಂಡಿದ್ದ ಗೆರೆ ದಾಟಿತ್ತು. ಬೇಸರವೆನಿಸಲಿಲ್ಲ.

ಹೊರದೇಶಕ್ಕೆ ಹೊರಟಿರುವ ಗೆಳೆಯರೇ, ಸಸ್ಯಾಹಾರಿಗಳಾಗಿದ್ದರೆ ಹೋಟೆಲಿನಲ್ಲಿ ತರಕಾರಿಯ ಹೆಸರು ನೋಡಿ ನಂಬಬೇಡಿ, ಯಾವ ಸಾರಿನಲ್ಲಿ ಬೇಯಿಸಿದ್ದೀರಿ ಎಂದು ಬಾಯಿಬಿಟ್ಟು ಕೇಳಿ. ಮನುಷ್ಯರ ವಿಷಯದಲ್ಲೂ ನಾನು ಅದನ್ನೇ ಕಲಿತೆ. ಬೋರ್ಡು ಓದಿ ನಿರ್ಧರಿಸುವ ಬದಲು ಕೇಳುವುದು ವಾಸಿ. ಆ ಒಂದು ಊಟದಿಂದ ಎರಡು ದೇಶಗಳ ಜಗಳ ಬಗೆಹರಿಯುವುದಿಲ್ಲ ಎಂದು ನನಗೂ ಗೊತ್ತು. ಆದರೆ ನೀರಿನ ಕೆಳಗೆ ಊರು ಬಿಟ್ಟುಬಂದವರ ಸಂಕಟ ನನ್ನ ಅಪ್ಪನಿಗೆ ಅರ್ಥವಾದಷ್ಟು ಟಿ.ವಿ. ಚರ್ಚೆಯವರಿಗೆ ಅರ್ಥವಾಗುವುದಿಲ್ಲ ಎಂಬುದೂ ಗೊತ್ತಾಯಿತು.

ಕೋಣೆಗೆ ಬಂದಾಗ ಊರಲ್ಲಿ ಮಧ್ಯರಾತ್ರಿ ದಾಟಿತ್ತು. ಬೆಳಗಾಗುವುದನ್ನು ಕಾದು ಅಪ್ಪನಿಗೆ ಫೋನ್ ಮಾಡಿದೆ. ಕೆಲಸ ಸಿಕ್ಕಿಲ್ಲ, ಸುಳ್ಳು ಹೇಳಿದ್ದೆ ಎಂದೆ. ಆಚೆಯಿಂದ ಮಾತಿಲ್ಲ. ಆ ಮೌನ ತಡೆಯಲಾಗದೆ ಹೋಟೆಲಿನ ಕತೆಯನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಟ್ಟೆ. ಪಾಕಿಸ್ತಾನಿ ಹೋಟೆಲ್ ಎಂಬುದನ್ನೂ ಮುಚ್ಚಿಡಲಿಲ್ಲ.

ಬೈಗುಳ ಕಾಯುತ್ತಿದ್ದೆ. ಅಪ್ಪ ಕೆಮ್ಮಿ ಗಂಟಲು ಸರಿಮಾಡಿಕೊಂಡರು.

‘ಕೆಲಸ ಸಿಗತೈತಿ ತಗೋ ಅವ್ವಾ, ಸುಳ್ಳು ಹೇಳಬ್ಯಾಡ’ ಎಂದರು. ಸ್ವಲ್ಪ ಹೊತ್ತು ಬಿಟ್ಟು ಕೇಳಿದರು: ‘ನೀರು ಇಳದಾಗ ಅವರ ಊರಾಗ ಗುಡಿ ಪೂರಾ ಕಾಣತೈತೇನು, ಇಲ್ಲಾ ನಮ್ಮಂಗ ಬರೇ ಕಟ್ಟಿ ಅಷ್ಟನ?’

ಮುಂದಿನ ಸಲ ಚಾಚಾನನ್ನು ಕೇಳಿ ಹೇಳುತ್ತೇನೆ ಎಂದೆ.